ರೂಟ್ ಫೈಲ್‌ಸಿಸ್ಟಮ್ ಮೌಂಟ್ ಆಗುತ್ತಿಲ್ಲವೇ? ಚಿಪ್ ಅಳಿಸುವ ಮುನ್ನ ಲಾಗ್ ಓದಿ

ಪ್ರಶ್ನೆ: ನಮ್ಮದು 256 ಎಂಬಿ ನ್ಯಾಂಡ್ ಫ್ಲಾಶ್ ಇರುವ ಆರ್ಮ್ ಬೋರ್ಡ್. ಒಮ್ಮೆಗೆ ಬರೆಯುವ ತುಂಡಾದ ಪೇಜ್ 2048 ಬೈಟ್, ಒಮ್ಮೆಗೆ ಅಳಿಸುವ ತುಂಡಾದ ಬ್ಲಾಕ್ 128 ಕೆಬಿ. ರೂಟ್ ಫೈಲ್‌ಸಿಸ್ಟಮ್ (ಕರ್ನಲ್ ಎದ್ದಕೂಡಲೇ ತೆರೆಯುವ ಮುಖ್ಯ ಫೈಲ್ ವ್ಯವಸ್ಥೆ) ಯುಬಿಐಎಫ್‌ಎಸ್, ಅದು ಯುಬಿಐ ಎಂಬ ಫ್ಲಾಶ್ ನಿರ್ವಹಣಾ ಪದರದ ಮೇಲೆ ಕೂರುತ್ತದೆ. ಬೂಟ್ ಆರ್ಗ್ಯುಮೆಂಟ್ 'ಯುಬಿಐ.ಎಂಟಿಡಿ=4 ರೂಟ್=ಯುಬಿಐ0:ರೂಟ್‌ಎಫ್‌ಎಸ್ ರೂಟ್‌ಎಫ್‌ಎಸ್‌ಟೈಪ್=ಯುಬಿಐಎಫ್‌ಎಸ್'. ಹಳೇ ಕರ್ನಲ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ಹೊಸ ಕರ್ನಲ್ ಹಾಕಿದ ಮೇಲೆ ಒಂದು ಬೋರ್ಡ್ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)' ಎಂದು ಪ್ಯಾನಿಕ್ ಆಗಿ ನಿಲ್ಲುತ್ತದೆ. ಇನ್ನೊಂದಕ್ಕೆ ಸಬ್‌ಪೇಜ್ (ಪೇಜಿನಲ್ಲಿ ಬಿಡಿಯಾಗಿ ಬರೆಯಬಹುದಾದ ಭಾಗ) 512 ಎಂದು ಕೊಟ್ಟು ಹೊಸ ಇಮೇಜ್ ಮಾಡಿ, ಬೂಟ್‌ಲೋಡರ್ ಆದ ಯು-ಬೂಟ್‌ನಲ್ಲಿ 'ನ್ಯಾಂಡ್ ಇರೇಸ್' ಮತ್ತು 'ನ್ಯಾಂಡ್ ರೈಟ್' ಬಳಸಿ ಬರೆದೆ. ಮೊದಲ ಸಲ ಬೂಟ್ ಆಯಿತು. ಮೂರ್ನಾಲ್ಕು ಸಲ ಪವರ್ ಆಫ್ ಮಾಡಿ ಆನ್ ಮಾಡಿದ ಮೇಲೆ ಇಸಿಸಿ (ಓದಿದ ಡೇಟಾದ ದೋಷ ಹಿಡಿದು ತಿದ್ದುವ ಸಂಕೇತ) ಎರರ್ -74 ಬರತೊಡಗಿತು, ಕೊನೆಗೆ ಅದೂ ಅದೇ ಪ್ಯಾನಿಕ್‌ಗೆ ಬಂದು ನಿಂತಿದೆ. ಎರಡರ ಲಾಗ್ ಕಳಿಸಿದ್ದೇನೆ. ಫ್ಲಾಶ್ ಚಿಪ್ಪೇ ಕೆಟ್ಟಿದೆಯೇ? ಪೂರ್ತಿ ಅಳಿಸಿ ಮತ್ತೆ ಬರೆದುಬಿಡಲೇ?

ಉತ್ತರ: ದಯವಿಟ್ಟು ಇನ್ನೂ ಏನನ್ನೂ ಅಳಿಸಬೇಡಿ. ಎರಡೂ ಲಾಗ್ ಓದಿದೆ. ಚಿಪ್ ಕೆಟ್ಟಿರುವ ಲಕ್ಷಣ ಎರಡರಲ್ಲೂ ಕಾಣುತ್ತಿಲ್ಲ. ಕೊನೆಯ ಸಾಲು ಒಂದೇ ಆಗಿದ್ದರೂ ಇವು ಬೇರೆ ಬೇರೆ ಎರಡು ತೊಂದರೆಗಳು. ಮೊದಲ ಬೋರ್ಡ್‌ನ ಡೇಟಾ ಒಂದು ಬೈಟೂ ಹಾಳಾಗಿಲ್ಲ, ಬೂಟ್ ಆರ್ಗ್ಯುಮೆಂಟ್‌ನಲ್ಲಿ ಒಂದು ಸಂಖ್ಯೆ ಸೇರಿಸಿದರೆ ಅದು ಏಳುತ್ತದೆ. ಎರಡನೆಯದರಲ್ಲಿ ಇಮೇಜ್ ಬರೆದ ವಿಧಾನವೇ ತಪ್ಪಾಗಿದೆ.

ಮೊದಲು ಆ ಪ್ಯಾನಿಕ್ ಸಾಲಿನ ಬಗ್ಗೆ ಹೇಳುತ್ತೇನೆ. ಬಹಳ ಜನರನ್ನು ದಾರಿ ತಪ್ಪಿಸುವುದು ಅದೇ. ಆವರಣದಲ್ಲಿರುವ ಎರಡು ಅಂಕಿಗಳು ಕರ್ನಲ್ ಹುಡುಕಿದ ಬ್ಲಾಕ್ ಡಿವೈಸ್‌ನ ಮೇಜರ್ ಮತ್ತು ಮೈನರ್ ನಂಬರ್. 179 ಎಂದಿದ್ದರೆ ಇಎಂಎಂಸಿ ಅಥವಾ ಎಸ್‌ಡಿ ಕಾರ್ಡ್, 31 ಎಂದಿದ್ದರೆ ಎಂಟಿಡಿಬ್ಲಾಕ್. ಹೀಗೆ ಸೊನ್ನೆಯಲ್ಲದ ಅಂಕಿ ಬಂದರೆ ಕರ್ನಲ್ ಆ ಹೆಸರನ್ನು ಒಂದು ಡಿವೈಸ್ ನಂಬರ್ ಆಗಿ ಬಿಡಿಸಿಕೊಂಡಿದೆ ಎಂದರ್ಥ, ತೊಂದರೆ ಹೆಚ್ಚಾಗಿ ಅದರೊಳಗಿನ ಫೈಲ್‌ಸಿಸ್ಟಮ್‌ನಲ್ಲಿ ಇರುತ್ತದೆ. (0,0) ಬಂದರೆ ಡ್ರೈವರ್ ಇಲ್ಲ, ಡಿವೈಸೇ ಸಿಕ್ಕಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಇಎಂಎಂಸಿಯಲ್ಲಿ ಆ ತೀರ್ಮಾನ ಬಹುಮಟ್ಟಿಗೆ ಸರಿ. ಯುಬಿಐನಲ್ಲಿ ಸರಿಯಲ್ಲ. ಯುಬಿಐ ವಾಲ್ಯೂಮ್ ಬ್ಲಾಕ್ ಡಿವೈಸೇ ಅಲ್ಲ, ಹಾಗಾಗಿ ಯಾವ ಕಾರಣಕ್ಕೆ ಮೌಂಟ್ ವಿಫಲವಾದರೂ ಅಲ್ಲಿ ಸೊನ್ನೆ ಸೊನ್ನೆಯೇ ಬರುತ್ತದೆ. ಅದರ ಜತೆ ಲಾಗ್‌ನಲ್ಲಿ ಬರುವ ದೋಷಸಂಖ್ಯೆ -19 ಕೂಡ 'ಅಂಥ ಡಿವೈಸ್ ಇಲ್ಲ' ಎಂದಷ್ಟೇ ಹೇಳುತ್ತದೆ, ಏಕಿಲ್ಲ ಎಂದು ಹೇಳುವುದಿಲ್ಲ. ಏಕೆ ಎನ್ನುವುದು ಮೇಲಿನ ಸಾಲುಗಳಲ್ಲಿ ಇರುತ್ತದೆ. ಪ್ಯಾನಿಕ್‌ನಿಂದ ಮೇಲಕ್ಕೆ ಓದುತ್ತಾ ಹೋಗಿ, ಮೊಟ್ಟಮೊದಲು ದೂರು ಹೇಳಿದ ಸಾಲು ಯಾವುದೋ ಅಲ್ಲಿ ನಿಲ್ಲಿ.

ನಿಮ್ಮ ಮೊದಲ ಬೋರ್ಡ್‌ನಲ್ಲಿ ಆ ಸಾಲು ಇದು: 'ಬ್ಯಾಡ್ ವಿಐಡಿ ಹೆಡರ್ ಆಫ್‌ಸೆಟ್ 2048, ಎಕ್ಸ್‌ಪೆಕ್ಟೆಡ್ 512'. ಅದರ ಕೆಳಗೆ ಎಂಟಿಡಿ4, ಅಂದರೆ ಫ್ಲಾಶ್‌ನಲ್ಲಿ 4 ಎಂಬ ಸಂಖ್ಯೆಯ ಪಾರ್ಟಿಷನ್, ಯುಬಿಐಗೆ ಅಟ್ಯಾಚ್ ಆಗಲಿಲ್ಲ ಎಂಬ -22. ಉಳಿದದ್ದೆಲ್ಲ ಇದರ ಪರಿಣಾಮ.

ಇದು ಏನು ಎಂದು ತಿಳಿಯಬೇಕಾದರೆ ಯುಬಿಐ ಒಂದು ಬ್ಲಾಕನ್ನು ಹೇಗೆ ಬಳಸುತ್ತದೆ ಎಂದು ನೋಡಬೇಕು. ಪ್ರತಿ ಬ್ಲಾಕಿನ ತಲೆಯಲ್ಲಿ ಎರಡು ಪುಟ್ಟ ಹೆಡರ್‌ಗಳಿರುತ್ತವೆ. ಮೊದಲನೆಯದು ಇಸಿ ಹೆಡರ್, ಆ ಬ್ಲಾಕನ್ನು ಇದುವರೆಗೆ ಎಷ್ಟು ಸಲ ಅಳಿಸಲಾಗಿದೆ ಎಂಬ ಲೆಕ್ಕ ಅದರಲ್ಲಿದೆ. ಎರಡನೆಯದು ವಿಐಡಿ ಹೆಡರ್, ಆ ಬ್ಲಾಕು ಯಾವ ವಾಲ್ಯೂಮ್‌ನ ಎಷ್ಟನೇ ತುಂಡು ಎಂದು ಅದು ಹೇಳುತ್ತದೆ. ನ್ಯಾಂಡ್ ಡ್ರೈವರ್ ಸಬ್‌ಪೇಜ್ ಬರೆಯಲು ಬಿಡದಿದ್ದರೆ ಎರಡೂ ಹೆಡರ್‌ಗೆ ಒಂದೊಂದು ಪೂರ್ತಿ ಪೇಜ್ ಬೇಕು. ಇಸಿ 0ಯಲ್ಲಿ, ವಿಐಡಿ 2048ರಲ್ಲಿ, ಡೇಟಾ 4096ರಿಂದ. ಡೇಟಾಕ್ಕೆ ಉಳಿಯುವುದು 131072ರಲ್ಲಿ 4096 ಕಳೆದು 126976 ಬೈಟ್. ಡ್ರೈವರ್ ಸಬ್‌ಪೇಜ್‌ಗೆ ಒಪ್ಪಿದರೆ ಎರಡೂ ಹೆಡರ್ ಒಂದೇ ಪೇಜಿನಲ್ಲಿ ಕೂರುತ್ತವೆ. ಆಗ ವಿಐಡಿ 512ರಲ್ಲಿ, ಡೇಟಾ 2048ರಿಂದ, ಉಳಿಯುವುದು 129024.

ನಿಮ್ಮ ಹಳೇ ಕರ್ನಲ್‌ನ ನ್ಯಾಂಡ್ ಡ್ರೈವರ್ ಸಬ್‌ಪೇಜ್ ಬೇಡ ಎನ್ನುತ್ತಿತ್ತು. ಹೊಸದು ಆಗಬಹುದು ಎನ್ನುತ್ತಿದೆ. ಫ್ಲಾಶ್‌ನಲ್ಲಿರುವುದು ಮಾತ್ರ ಹಳೇ ಲೆಕ್ಕದಲ್ಲಿ ಬರೆದ ಇಮೇಜ್. ಕರ್ನಲ್ 512ರಲ್ಲಿ ಇರಬೇಕೆಂದು ಕಾಯುತ್ತಿದೆ, ಹೆಡರ್ 2048ರಲ್ಲಿದೆ ಎಂದು ಫ್ಲಾಶ್ ಹೇಳುತ್ತಿದೆ. ಆದ್ದರಿಂದ ಯುಬಿಐ ಇದು ತನ್ನದಲ್ಲ ಎಂದು ಕೈಚೆಲ್ಲಿದೆ.

ಆರ್ಗ್ಯುಮೆಂಟ್‌ನಲ್ಲಿ 'ಯುಬಿಐ.ಎಂಟಿಡಿ=4,2048' ಎಂದು ಕೊಡಿ, ಮೊದಲ ಬೋರ್ಡ್‌ಗೆ ಅಷ್ಟು ಸಾಕು. ಅದರ ಜತೆಗೇ ನಾನು 4 ಎಂಬ ಅಂಕಿಯನ್ನೂ ತೆಗೆದು ಪಾರ್ಟಿಷನ್‌ನ ಹೆಸರನ್ನು ಹಾಕುತ್ತೇನೆ. ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀಯಲ್ಲಿ ಯಾರಾದರೂ ಒಂದು ಪಾರ್ಟಿಷನ್ ಹೆಚ್ಚಿಗೆ ಸೇರಿಸಿದರೆ 4 ಇದ್ದದ್ದು 5 ಆಗುತ್ತದೆ, ಹೆಸರು ಬದಲಾಗುವುದಿಲ್ಲ.

ಸಬ್‌ಪೇಜ್ ಬಳಸಿದರೆ ಜಾಗ ಉಳಿಯುತ್ತದಲ್ಲ ಎಂದು ನೀವು ಕೇಳಬಹುದು. ಉಳಿಯುತ್ತದೆ. ನಿಮ್ಮ ಚಿಪ್‌ನಲ್ಲಿ 2048 ಬ್ಲಾಕ್‌ಗಳಿವೆ, ಬ್ಲಾಕಿಗೆ 2048 ಬೈಟ್, ಪೂರ್ತಿ ಚಿಪ್ಪಿಗೆ ಲೆಕ್ಕ ಹಾಕಿದರೂ 4 ಎಂಬಿ. ಆ 4 ಎಂಬಿಗಾಗಿ ಡ್ರೈವರ್ ಬದಲಾದಾಗಲೆಲ್ಲ ಬೋರ್ಡ್ ಏಳುತ್ತದೋ ಇಲ್ಲವೋ ಎಂಬ ಆತಂಕವನ್ನು ನಾನಂತೂ ಹೊತ್ತುಕೊಳ್ಳುವುದಿಲ್ಲ. 2048 ಎಂದು ಇಮೇಜ್ ಮಾಡುವಾಗಲೂ ಕರ್ನಲ್ ಆರ್ಗ್ಯುಮೆಂಟ್‌ನಲ್ಲೂ ಎರಡೂ ಕಡೆ ಬಾಯಿಬಿಟ್ಟು ಹೇಳಿಬಿಡಿ. ನೀವು 512 ಎಂದು ಹೊಸ ಇಮೇಜ್ ಮಾಡಿದ್ದು ತಪ್ಪಲ್ಲ, ಕೆಲಸ ಮಾಡುತ್ತದೆ. ಆದರೆ ನಾಳೆ ಹಳೇ ಕರ್ನಲ್‌ಗೆ ಮರಳಬೇಕಾಗಿ ಬಂದರೆ ಅದೇ ಜಗಳ ತಿರುಗುಮುರುಗಾಗಿ ಎದುರಾಗುತ್ತದೆ.

ಇದೇ ಲೆಕ್ಕ ಮೇಲಿನ ಪದರದಲ್ಲೂ ಹೊಂದಬೇಕು. ಇಮೇಜ್ ಮಾಡುವಾಗ ಯುಬಿಐ ಪದರ ಕಟ್ಟುವ ಯುಬಿನೈಸ್‌ಗೆ ಒಂದು ಸಂಖ್ಯೆ, ಫೈಲ್‌ಸಿಸ್ಟಮ್ ಕಟ್ಟುವ ಎಂಕೆಎಫ್‌ಎಸ್.ಯುಬಿಐಎಫ್‌ಎಸ್‌ಗೆ ಇನ್ನೊಂದು ಕೊಟ್ಟರೆ ಯುಬಿಐ ಚೆನ್ನಾಗಿಯೇ ಅಟ್ಯಾಚ್ ಆಗುತ್ತದೆ, ಆಮೇಲೆ ಯುಬಿಐಎಫ್‌ಎಸ್ 'ಎಲ್‌ಇಬಿ ಸೈಜ್ ಮಿಸ್‌ಮ್ಯಾಚ್: 126976 ಇನ್ ಸೂಪರ್‌ಬ್ಲಾಕ್, 129024 ರಿಯಲ್' ಎಂದು ತಕರಾರು ತೆಗೆಯುತ್ತದೆ. ಎಲ್‌ಇಬಿ ಎಂದರೆ ಹೆಡರ್‌ಗಳನ್ನು ಕಳೆದು ಯುಬಿಐ ಮೇಲಿನ ಪದರಕ್ಕೆ ಕೊಡುವ ಬ್ಲಾಕ್. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡಿದ್ದರೆ ಲಾಗ್ ನೋಡಿದ ತಕ್ಷಣ ಎಡವಟ್ಟು ಎಲ್ಲಾಗಿದೆ ಎಂದು ತಿಳಿಯುತ್ತದೆ.

ನನ್ನ ಮಾತನ್ನು ನಂಬುವುದಕ್ಕಿಂತ ಫ್ಲಾಶ್‌ನಲ್ಲಿ ಏನಿದೆ ಎಂದು ನೀವೇ ನೋಡಿ. ನೆಟ್‌ವರ್ಕ್‌ನಲ್ಲಿರುವ ಎನ್‌ಎಫ್‌ಎಸ್ ರೂಟ್‌ನಿಂದಲೋ ಮೆಮೊರಿಯಲ್ಲೇ ಇರುವ ಸಣ್ಣ ಇನಿಟ್‌ರಾಮ್‌ಎಫ್‌ಎಸ್‌ನಿಂದಲೋ ಬೋರ್ಡನ್ನು ಏಳಿಸಿ, ಆರ್ಗ್ಯುಮೆಂಟ್‌ನಿಂದ ಯುಬಿಐ ಭಾಗವನ್ನು ತೆಗೆದುಹಾಕಿ. ಎಂಟಿಡಿ-ಯುಟಿಲ್ಸ್‌ನ ನ್ಯಾಂಡ್‌ಡಂಪ್ ಬಳಸಿ ಪಾರ್ಟಿಷನ್‌ನ ಪೂರ್ತಿ ನಕಲು ತೆಗೆದು ನೆಟ್‌ವರ್ಕ್‌ನಲ್ಲಿ ಬೇರೆಡೆ ಇಡಿ. ಓಓಬಿ ಭಾಗವೂ, ಅಂದರೆ ಪ್ರತಿ ಪೇಜಿನ ಜತೆ ಇಸಿಸಿ ಮುಂತಾದವುಗಳಿಗೆ ಇರುವ ಹೆಚ್ಚುವರಿ ಜಾಗವೂ, ಅದರಲ್ಲಿರಲಿ. ಪೇಜಿಗೆ 64 ಬೈಟ್ ಓಓಬಿ ಇದ್ದರೆ ಇಡೀ ಚಿಪ್ಪಿನ ನಕಲು 264 ಎಂಬಿ ಆಗುತ್ತದೆ, ಅಷ್ಟೇ. ಈ ಕೆಲಸವನ್ನು ಅಟ್ಯಾಚ್ ಮಾಡುವುದಕ್ಕೆ ಮೊದಲೇ ಮಾಡಿ. ಅಟ್ಯಾಚ್ ಎಂದರೆ ಬರೀ ಓದುವ ಕೆಲಸವಲ್ಲ. ಅರ್ಧಕ್ಕೆ ನಿಂತ ಬ್ಲಾಕ್‌ಗಳನ್ನು ಯುಬಿಐ ಆಗಲೇ ಅಳಿಸಬಹುದು, ಡೇಟಾವನ್ನು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಸಾಗಿಸಬಹುದು. ಖಾಲಿ ಪಾರ್ಟಿಷನ್ ಸಿಕ್ಕರಂತೂ ತಾನೇ ಫಾರ್ಮ್ಯಾಟ್ ಮಾಡಿಬಿಡುತ್ತದೆ. ವರ್ಷಗಳ ಹಿಂದೆ ಒಂದು ಕೆಟ್ಟ ಬೋರ್ಡ್ ನನ್ನ ಮೇಜಿಗೆ ಬಂದಿತ್ತು. ನಕಲು ತೆಗೆಯದೆ ಮೂರು ಸಲ ಅಟ್ಯಾಚ್ ಮಾಡಿ ನೋಡಿದೆ. ನಾಲ್ಕನೇ ಸಲಕ್ಕೆ ಲಾಗ್ ಬೇರೆಯೇ ಇತ್ತು, ಮೊದಲ ಸಲದ ಸ್ಥಿತಿ ಏನಿತ್ತೆಂದು ತಿಳಿಯುವ ದಾರಿಯೇ ಉಳಿದಿರಲಿಲ್ಲ. ಅಂದಿನಿಂದ ನಕಲು ಕೈಗೆ ಬರುವವರೆಗೆ ಬೇರೆ ಯಾವ ಕಮಾಂಡನ್ನೂ ನಾನು ಕೊಡುವುದಿಲ್ಲ.

ನೋಡುವಾಗ ಓಓಬಿ ಇಲ್ಲದ ಒಂದು ಡಂಪನ್ನು ಹೆಕ್ಸ್‌ನಲ್ಲಿ ತೆರೆಯಿರಿ, ಆಫ್‌ಸೆಟ್ ಲೆಕ್ಕ ಸುಲಭವಾಗುತ್ತದೆ. ಬ್ಲಾಕಿನ ಮೊದಲ ನಾಲ್ಕು ಬೈಟ್ 55 42 49 23 ಇರಬೇಕು, ಅದು ಇಸಿ ಹೆಡರ್‌ನ ಗುರುತು. ವಿಐಡಿ ಹೆಡರ್‌ನ ಗುರುತು 55 42 49 21, ಕೊನೆಯ ಬೈಟ್ ಮಾತ್ರ ಬೇರೆ. ಅದು ಹೆಕ್ಸ್ 800ರಲ್ಲಿ ಕಂಡರೆ ಇಮೇಜ್ 2048ರ ಲೆಕ್ಕದ್ದು, 200ರಲ್ಲಿ ಕಂಡರೆ 512ರ ಲೆಕ್ಕದ್ದು. ಯುಬಿನೈಸ್ ಮಾಡಿದ ಇಮೇಜ್‌ನ ಮೊದಲೆರಡು ಬ್ಲಾಕ್‌ಗಳಲ್ಲಿ ವಾಲ್ಯೂಮ್ ಪಟ್ಟಿ ಇರುತ್ತದೆ, ಅವನ್ನು ಬಿಡಿ. ಮೂರನೆಯದರಲ್ಲಿ ಡೇಟಾ ಶುರುವಾಗುವ ಕಡೆ, ಅಂದರೆ ನಿಮ್ಮ ಮೊದಲ ಬೋರ್ಡ್‌ನಲ್ಲಿ ಹೆಕ್ಸ್ 1000ದಲ್ಲಿ, 31 18 10 06 ಕಂಡರೆ ಅದು ಯುಬಿಐಎಫ್‌ಎಸ್. ಬಹಳ ದಿನ ಓಡಿದ ಬೋರ್ಡ್‌ನಲ್ಲಿ ಬ್ಲಾಕ್‌ಗಳು ಸ್ಥಳ ಬದಲಿಸಿರುತ್ತವೆ, ಹಾಗಾಗಿ ನಾಲ್ಕಾರು ಬ್ಲಾಕ್ ತಿರುವಿ ನೋಡಿ. ಬ್ಲಾಕಿನ ತಲೆಯಲ್ಲಿ ಬರೀ 85 19 ಕಂಡರೆ ಅಲ್ಲಿರುವುದು ಜೆಎಫ್‌ಎಫ್‌ಎಸ್2, ಯಾರೋ ಬೇರೆ ಇಮೇಜನ್ನೇ ಬರೆದಿದ್ದಾರೆ. ಈ ಗುರುತುಗಳು ಬ್ಲಾಕಿನ ತಲೆಯಲ್ಲಿರದೆ ಎಲ್ಲೋ ನಡುವೆ ಸಿಕ್ಕರೆ ಯು-ಬೂಟ್‌ನ ಪಾರ್ಟಿಷನ್ ಪಟ್ಟಿಯೂ ಕರ್ನಲ್‌ನದೂ ಒಂದೇ ಆಗಿಲ್ಲ. ಬೂಟ್ ಲಾಗ್‌ನಲ್ಲಿ ಕರ್ನಲ್ ಪ್ರತಿ ಪಾರ್ಟಿಷನ್‌ನ ಆದಿ ಅಂತ್ಯಗಳನ್ನು ಮುದ್ರಿಸುತ್ತದೆ, ಯು-ಬೂಟ್‌ನ 'ಎಂಟಿಡಿಪಾರ್ಟ್ಸ್' ಜತೆ ಸಾಲಿಗೆ ಸಾಲು ಹೋಲಿಸಿ.

ಈಗ ಎರಡನೇ ಬೋರ್ಡ್. ನನಗೆ ಹೆಚ್ಚು ಕಳವಳ ತಂದದ್ದು ಇದೇ, ಏಕೆಂದರೆ ಈ ತಪ್ಪು ಪರೀಕ್ಷೆಯ ಮೇಜಿನಲ್ಲಿ ಕಾಣಿಸದೆ ಬೋರ್ಡ್ ಹೊರಗೆ ಹೋದ ಮೇಲೆ ಕಾಣಿಸಿಕೊಳ್ಳುತ್ತದೆ.

-74 ಎಂದರೆ ಇಸಿಸಿಗೆ ಸರಿಪಡಿಸಲಾಗದಷ್ಟು ವ್ಯತ್ಯಾಸ ಇದೆ ಎಂದರ್ಥ. -74 ಕಂಡಾಗ ನಾನು ಮೊದಲು ಕೇಳುವುದು: ಎಲ್ಲ ಬ್ಲಾಕ್‌ಗಳಲ್ಲೂ ಬರುತ್ತಿದೆಯೇ, ಕೆಲವದರಲ್ಲಿ ಮಾತ್ರವೇ? ಮೊದಲ ಬೂಟ್‌ನಲ್ಲೇ ಎಲ್ಲೆಡೆ ಬಂದರೆ ಬರೆದವರ ಇಸಿಸಿ ಒಂದು, ಓದುವವರದು ಇನ್ನೊಂದು. ಯು-ಬೂಟ್ 1 ಬಿಟ್ ಹ್ಯಾಮಿಂಗ್‌ನಲ್ಲಿ ಬರೆದದ್ದನ್ನು ಕರ್ನಲ್ 8 ಬಿಟ್ ಬಿಸಿಎಚ್‌ನಲ್ಲಿ ಓದಲು ಹೋದರೆ ಹೀಗಾಗುತ್ತದೆ. ನಿಮ್ಮಲ್ಲಿ ಮೊದಲ ಬೂಟ್ ಚೆನ್ನಾಗಿಯೇ ಆಗಿದೆ, ಹಾಗಾಗಿ ಆ ಮಾತಿಲ್ಲ. ನಿಮ್ಮ ಲಾಗ್‌ನಲ್ಲಿ ದೋಷ ಬಂದಿರುವುದು ಕೆಲವೇ ಎಲ್‌ಇಬಿಗಳಲ್ಲಿ, ಅವುಗಳಲ್ಲಿ 1 ಮತ್ತು 2 ಇವೆ. ಆ ಅಂಕಿಗಳನ್ನು ಕಂಡಾಗಲೇ ನನಗೆ ಅನುಮಾನ ಬಂತು.

ಯುಬಿಐಎಫ್‌ಎಸ್‌ನಲ್ಲಿ ಎಲ್‌ಇಬಿ 0 ಸೂಪರ್‌ಬ್ಲಾಕ್. 1 ಮತ್ತು 2 ಮಾಸ್ಟರ್ ನೋಡ್‌ನ, ಅಂದರೆ ಫೈಲ್‌ಸಿಸ್ಟಮ್‌ನ ಈಗಿನ ಸ್ಥಿತಿ ಎಲ್ಲಿದೆ ಎಂದು ಹೇಳುವ ದಾಖಲೆಯ, ಎರಡು ಪ್ರತಿಗಳು. 3ರಿಂದ ಯುಬಿಐಎಫ್‌ಎಸ್‌ನದೇ ಲಾಗ್ (ಬೂಟ್ ಲಾಗ್ ಅಲ್ಲ). ಹೊಸ ಇಮೇಜ್‌ನಲ್ಲಿ ಮಾಸ್ಟರ್ ಬ್ಲಾಕಿನ ಮೊದಲಲ್ಲಿ ಒಂದು ನೋಡ್ ಇರುತ್ತದೆ, ಮಿಕ್ಕ ಪೇಜ್‌ಗಳೆಲ್ಲ ಖಾಲಿ. ಬರೆಯುವ ಅನುಮತಿಯೊಡನೆ ಮೌಂಟ್ ಆದಾಗಲೂ ಕಮಿಟ್ ಆದಾಗಲೂ ಹೊಸ ಮಾಸ್ಟರ್ ನೋಡ್ ಮುಂದಿನ ಖಾಲಿ ಪೇಜಿಗೆ ಹೋಗಿ ಕೂರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಆ ಪೇಜ್ ನಿಜವಾಗಿಯೂ ಖಾಲಿ ಎಂಬ ನಂಬಿಕೆಯ ಮೇಲೆ.

ನಿಮ್ಮ ಬೋರ್ಡ್‌ನಲ್ಲಿ ಅದು ಖಾಲಿ ಇರಲಿಲ್ಲ. ಸಾದಾ 'ನ್ಯಾಂಡ್ ರೈಟ್' ಇಮೇಜ್‌ನ ಪ್ರತಿಯೊಂದು ಪೇಜನ್ನೂ ಬರೆಯುತ್ತದೆ, ಬರೀ ಎಫ್‌ಎಫ್ (ಎಲ್ಲ ಬಿಟ್ 1, ಅಳಿಸಿದ ಸ್ಥಿತಿ) ತುಂಬಿರುವ ಪೇಜನ್ನೂ ಬಿಡುವುದಿಲ್ಲ. 2048 ಬೈಟ್ ಎಫ್‌ಎಫ್ ಬರೆದರೆ ಡೇಟಾ ಭಾಗ ಬದಲಾಗುವುದಿಲ್ಲ, ನೋಡಿದರೆ ಖಾಲಿಯಂತೆಯೇ ಕಾಣುತ್ತದೆ. ಆದರೆ ಕಂಟ್ರೋಲರ್ ಆ ಎಫ್‌ಎಫ್‌ಗಳಿಗೂ ಇಸಿಸಿ ಲೆಕ್ಕ ಹಾಕಿ ಓಓಬಿಯಲ್ಲಿ ಬರೆದಿರುತ್ತದೆ. ನ್ಯಾಂಡ್‌ನಲ್ಲಿ ಬರೆಯುವುದೆಂದರೆ 1 ಇದ್ದ ಬಿಟ್ಟನ್ನು 0 ಮಾಡುವುದು ಮಾತ್ರ, 0 ಮತ್ತೆ 1 ಆಗಬೇಕಾದರೆ ಇಡೀ ಬ್ಲಾಕ್ ಅಳಿಸಬೇಕು. ಆಮೇಲೆ ಯುಬಿಐಎಫ್‌ಎಸ್ ಅದೇ ಪೇಜಿಗೆ ನಿಜವಾದ ಡೇಟಾ ಬರೆದಾಗ ಹಳೇ ಇಸಿಸಿಯ ಮೇಲೆ ಹೊಸ ಇಸಿಸಿ ಬೀಳುತ್ತದೆ, ಎರಡೂ ಕಲಸಿಹೋಗುತ್ತವೆ. ಬರೆಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಬೂಟ್‌ಗಳಲ್ಲಿ ಓದುವಾಗ -74.

ಕೆಲವು ಇಸಿಸಿ ವಿಧಾನಗಳಲ್ಲಿ ಎಫ್‌ಎಫ್ ಪೇಜಿನ ಇಸಿಸಿಯೂ ಎಫ್‌ಎಫ್ಫೇ ಆಗಿರುತ್ತದೆ. ಅಂಥ ಬೋರ್ಡ್‌ನಲ್ಲಿ ಇದೇ ಕಮಾಂಡ್ ವರ್ಷಗಟ್ಟಲೆ ಏನೂ ತೊಂದರೆ ಕೊಡುವುದಿಲ್ಲ. ಹಿಂದಿನ ಬೋರ್ಡ್‌ನಲ್ಲಿ ಹೀಗೇ ಬರೆಯುತ್ತಿದ್ದೆವಲ್ಲ ಎಂದು ನಿಮ್ಮ ತಂಡದಲ್ಲಿ ಯಾರಾದರೂ ಹೇಳಿದರೆ ಅವರ ಮಾತೂ ನಿಜವೇ ಇರಬಹುದು.

ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆ. ಡೇಟಾ ಮುಖ್ಯವಲ್ಲದ ಒಂದು ಬೋರ್ಡ್‌ಗೆ ಅದೇ ರೀತಿಯಲ್ಲಿ ಇಮೇಜ್ ಬರೆಯಿರಿ, ಬೂಟ್ ಮಾಡಬೇಡಿ. ಯು-ಬೂಟ್‌ನಲ್ಲೇ 'ನ್ಯಾಂಡ್ ಡಂಪ್' ಕೊಟ್ಟು ಮಾಸ್ಟರ್ ಬ್ಲಾಕಿನ ಕೊನೆಯ ಪೇಜ್ ನೋಡಿ. ಡೇಟಾದಲ್ಲಿ ಎಲ್ಲವೂ ಎಫ್‌ಎಫ್ ಇದ್ದು, ಕೆಳಗಿನ 64 ಬೈಟ್ ಓಓಬಿಯಲ್ಲಿ ಬೇರೆ ಅಂಕಿಗಳು ಕಂಡರೆ ಕಾರಣ ಸಿಕ್ಕಿತು. ಈಗಷ್ಟೇ ಅಳಿಸಿದ ಬ್ಲಾಕಿನ ಒಂದು ಪೇಜನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ, ಅದರ ಓಓಬಿಯೂ ಪೂರ್ತಿ ಎಫ್‌ಎಫ್ ಇರುತ್ತದೆ.

ಸರಿಯಾಗಿ ಬರೆಯುವ ದಾರಿ ಎರಡಿವೆ. ಯು-ಬೂಟ್‌ನಿಂದಲೇ ಬರೆಯುವುದಾದರೆ 'ನ್ಯಾಂಡ್ ರೈಟ್.ಟ್ರಿಮ್‌ಎಫ್‌ಎಫ್‌ಎಸ್' ಬಳಸಿ, ಅದು ಪ್ರತಿ ಬ್ಲಾಕಿನ ಬಾಲದಲ್ಲಿರುವ ಎಫ್‌ಎಫ್ ಪೇಜ್‌ಗಳನ್ನು ಬರೆಯದೆ ಬಿಡುತ್ತದೆ. ಲಿನಕ್ಸ್‌ನಿಂದ ಬರೆಯುವುದಾದರೆ 'ಯುಬಿಫಾರ್ಮ್ಯಾಟ್'. ಸಾಧ್ಯವಿರುವಲ್ಲೆಲ್ಲ ನನ್ನ ಆಯ್ಕೆ ಎರಡನೆಯದು. ಅದು ಎಫ್‌ಎಫ್ ಪೇಜ್ ಬಿಡುವುದರ ಜತೆಗೆ ಪ್ರತಿ ಬ್ಲಾಕಿನ ಅಳಿಸಿದ ಲೆಕ್ಕವನ್ನೂ ಉಳಿಸಿಕೊಳ್ಳುತ್ತದೆ. 'ನ್ಯಾಂಡ್ ಇರೇಸ್' ಮಾಡಿದಾಗ ಆ ಲೆಕ್ಕ ಅಳಿದುಹೋಗುತ್ತದೆ, ಸವೆದ ಬ್ಲಾಕ್ ಯಾವುದು ಹೊಸದು ಯಾವುದು ಎಂದು ಆಮೇಲೆ ಯುಬಿಐಗೆ ತಿಳಿಯುವುದಿಲ್ಲ. ಪೂರ್ತಿ ಅಳಿಸಲೇ ಎಂದು ನೀವು ಕೇಳಿದಾಗ ಬೇಡ ಎಂದದ್ದು ಇದಕ್ಕೂ ಸೇರಿಯೇ.

ಬರೆಯುವ ಉಪಕರಣ ನಿಮ್ಮ ಕೈಯಲ್ಲಿಲ್ಲ, ಕಾರ್ಖಾನೆಯ ಪ್ರೋಗ್ರಾಮರ್ ಯಂತ್ರವೇ ಬರೆಯುತ್ತದೆ ಎನ್ನುವುದಾದರೆ ಎಂಕೆಎಫ್‌ಎಸ್.ಯುಬಿಐಎಫ್‌ಎಸ್‌ನಲ್ಲಿ ಫ್ರೀ ಸ್ಪೇಸ್ ಫಿಕ್ಸಪ್ ಎಂಬ ಆಯ್ಕೆ ಇದೆ, ದೊಡ್ಡಕ್ಷರದ ಎಫ್. ಅದನ್ನು ಕೊಟ್ಟರೆ ಮೊದಲ ಸಲ ಬರೆಯುವ ಅನುಮತಿಯೊಡನೆ ಮೌಂಟ್ ಆದಾಗ ಯುಬಿಐಎಫ್‌ಎಸ್ ತಾನೇ ಅಂಥ ಬ್ಲಾಕ್‌ಗಳನ್ನು ಹೊಸದಾಗಿ ಬರೆದುಕೊಂಡು ಶುದ್ಧ ಮಾಡಿಕೊಳ್ಳುತ್ತದೆ. ಮೊದಲ ಬೂಟ್ ಸ್ವಲ್ಪ ನಿಧಾನವಾಗುತ್ತದೆ, ಹೆದರಬೇಡಿ, ಆ ಹೊತ್ತಿನಲ್ಲಿ ಪವರ್ ಮಾತ್ರ ತೆಗೆಯಬೇಡಿ.

ನಿಮ್ಮ ಲಾಗ್‌ನಲ್ಲಿ ಇಲ್ಲದಿದ್ದರೂ ಇದೇ ಪ್ಯಾನಿಕ್‌ಗೆ ಕೊಂಡೊಯ್ಯುವ ಬೇರೆ ಕಾರಣಗಳನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಯುಬಿಐ, ಯುಬಿಐಎಫ್‌ಎಸ್ ಮತ್ತು ಇಮೇಜ್ ಬಳಸುವ ಕಂಪ್ರೆಸರ್ ಮೂರೂ ಕರ್ನಲ್‌ನ ಒಳಗೇ ಇರಬೇಕು. ಮಾಡ್ಯೂಲ್ ಮಾಡಿದರೆ ಆ ಮಾಡ್ಯೂಲ್ ಇರುವುದೇ ಇನ್ನೂ ಮೌಂಟ್ ಆಗದ ರೂಟ್‌ನಲ್ಲಿ. 'ಬ್ಯಾಡ್ ಇಮೇಜ್ ಸೀಕ್ವೆನ್ಸ್ ನಂಬರ್' ಎಂದು ಬಂದರೆ ಹಳೇ ಇಮೇಜ್‌ನ ಕೆಲವು ಬ್ಲಾಕ್‌ಗಳು ಉಳಿದಿರುವಾಗಲೇ ಹೊಸದರ ಕೆಲವು ಬಂದು ಸೇರಿವೆ, ಬರೆಯುವುದು ಅರ್ಧಕ್ಕೆ ನಿಂತಿದೆ. 'ಫಿಕ್ಸಬಲ್ ಬಿಟ್-ಫ್ಲಿಪ್' ಎಂದು ಬಂದರೆ ಗಾಬರಿ ಬೇಡ, ಅದು ನ್ಯಾಂಡ್‌ನ ದಿನನಿತ್ಯದ ಮಾತು, ಯುಬಿಐ ಆ ಡೇಟಾವನ್ನು ತಾನೇ ಬೇರೆ ಬ್ಲಾಕಿಗೆ ಸಾಗಿಸುತ್ತದೆ. ಇಎಂಎಂಸಿ ಬೋರ್ಡ್‌ಗಳಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಕಾರ್ಡ್ ಪತ್ತೆಯಾಗುವ ಮೊದಲೇ ಕರ್ನಲ್ ಮೌಂಟ್ ಮಾಡಲು ಹೊರಡುತ್ತದೆ, 'ರೂಟ್‌ವೇಟ್' ಕೊಟ್ಟರೆ ಕಾಯುತ್ತದೆ. ಕಾದರೂ ಬಾರದಿದ್ದರೆ ಎಂಎಂಸಿಬಿಎಲ್‌ಕೆ0 ಇದ್ದದ್ದು 1 ಆಗಿದೆಯೇ ನೋಡಿ, ಅಂಕಿಯ ಬದಲು ಪಾರ್ಟ್‌ಯುಯುಐಡಿ ಕೊಡಿ. ಬರೀ ಯುಯುಐಡಿ ಕೊಟ್ಟರೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲದ ಕರ್ನಲ್‌ಗೆ ಅದು ಅರ್ಥವಾಗುವುದಿಲ್ಲ. 'ನೋ ವರ್ಕಿಂಗ್ ಇನಿಟ್ ಫೌಂಡ್' ಎಂಬುದು ಬೇರೆಯೇ ವಿಷಯ, ಅಲ್ಲಿ ಮೌಂಟ್ ಆಗಿಯೇ ಇದೆ. ಇನಿಟ್ ಫೈಲ್ ಕಣ್ಣೆದುರೇ ಇದ್ದರೂ -2 ಬರುತ್ತಿದ್ದರೆ ಅದಕ್ಕೆ ಬೇಕಾದ ಡೈನಮಿಕ್ ಲೋಡರ್ ಇಮೇಜ್‌ನಲ್ಲಿಲ್ಲ, -8 ಬಂದರೆ ಬೇರೆ ಪ್ರೊಸೆಸರ್‌ಗೆ ಕಂಪೈಲ್ ಆಗಿದೆ.

ಎರಡನೇ ಬೋರ್ಡ್‌ನಂತೆಯೇ ಬರೆದು ಹೊರಗೆ ಕಳಿಸಿದ ಬೋರ್ಡ್‌ಗಳಿದ್ದರೆ ಅವುಗಳ ಬಗ್ಗೆ ಈಗಲೇ ಯೋಚಿಸಿ. ಕಲಸಿಹೋದ ಇಸಿಸಿ ಉಳಿದಿರುವುದು ಇಮೇಜ್‌ನಿಂದ ನೇರವಾಗಿ ಬರೆಯಲಾಗಿ, ಅಲ್ಲಿಂದೀಚೆಗೆ ಒಮ್ಮೆಯೂ ಅಳಿಸದ ಬ್ಲಾಕ್‌ಗಳಲ್ಲಿ ಮಾತ್ರ. ಯುಬಿಐ ಒಮ್ಮೆ ಅಳಿಸಿ ಬಳಸಿಕೊಂಡ ಬ್ಲಾಕ್ ಶುದ್ಧವಾಗಿರುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೆ ನಿಲ್ಲುವುದಿಲ್ಲ, ಒಂದೊಂದಾಗಿ ನಿಲ್ಲುತ್ತವೆ. ಇನ್ನೂ ಏಳುತ್ತಿರುವ ಬೋರ್ಡನ್ನು ಎನ್‌ಎಫ್‌ಎಸ್‌ನಿಂದ ಬೂಟ್ ಮಾಡಿ, ವಾಲ್ಯೂಮನ್ನು ಓದಲು ಮಾತ್ರ ಮೌಂಟ್ ಮಾಡಿ ಸೆಟ್ಟಿಂಗ್ ಮತ್ತು ಡೇಟಾ ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ, ಆಮೇಲೆ 2048ರ ಲೆಕ್ಕದ ಹೊಸ ಇಮೇಜನ್ನು ಯುಬಿಫಾರ್ಮ್ಯಾಟ್‌ನಿಂದ ಬರೆಯಿರಿ. ಈಗಾಗಲೇ ನಿಂತಿರುವ ನಿಮ್ಮ ಎರಡನೇ ಬೋರ್ಡ್‌ನ ಡಂಪನ್ನು ಮಾತ್ರ ಓಓಬಿ ಸಹಿತ, ಇಸಿಸಿ ತಿದ್ದದೆ ಕಚ್ಚಾ ರೂಪದಲ್ಲಿ ತೆಗೆದಿಡಿ. ಹಾಳಾಗಿರುವುದು ಇಸಿಸಿ ಬೈಟ್‌ಗಳು, ಡೇಟಾ ಬೈಟ್‌ಗಳು ಬಹುಪಾಲು ಹಾಗೆಯೇ ಇರುತ್ತವೆ. ಪ್ರತಿ ಯುಬಿಐಎಫ್‌ಎಸ್ ನೋಡ್‌ಗೂ ತನ್ನದೇ ಸಿಆರ್‌ಸಿ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇರುವುದರಿಂದ ಯಾವುದು ಸರಿಯಿದೆ, ಯಾವುದು ಇಲ್ಲ ಎಂದು ಆ ಡಂಪ್‌ನಿಂದಲೇ ಒಂದೊಂದಾಗಿ ಆರಿಸಿಕೊಳ್ಳಬಹುದು.